ಬೆಕ್ಕಿಲ್ಲದ ಮನೆಯ ಊಟದ ಕರೆ

ಅಂಕಲ್ ಅವರ ಹತ್ತೂ ಬೆರಳ ತುದಿಗಳು ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿದ್ದವು. ಬೆಳಿಗ್ಗೆ ಬಿಸಿನೀರಿನ ಕೊಳದಿಂದ ಎದ್ದವರೇ ನೇರ ಸ್ಟೇಷನ್ನಿಗೆ ಬಂದಿದ್ದರು. ಸಿಡ್ನಿ ರೈಲು ಹೊರಟ ಮೇಲೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಬೇರೆ ಯಾರದೋ ಸಾಮಾನು ಕಾಯುತ್ತಿರುವವರಂತೆ ಕುಳಿತಿದ್ದರು.

ಅವರು ಅರಿವಳಿಕೆ ಡಾಕ್ಟರು. ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ನನ್ನ ಬಾಡಿಗೆ ಫ್ಲ್ಯಾಟಿನ ಕೆಳಗಿನ ಮನೆ ಅವರದು. ಸೂಜಿ ಚುಚ್ಚುವ ಮುನ್ನ ರೋಗಿಗೆ ಹೇಳುವ ಮಾತನ್ನೇ ಎಲ್ಲರಿಗೂ ಹೇಳುತ್ತಿದ್ದರು: “ಈಗ ಒಂಚೂರು ತಣ್ಣಗನ್ಸುತ್ತೆ, ಅಷ್ಟೆ.” ಐಸ್‌ಕ್ರೀಮ್ ಬಡಿಸುವಾಗಲೂ ಅದೇ. ಜುಲೈ ಚಳಿಯಲ್ಲಿ ಬೆಂಗಳೂರಿನಿಂದ ಬಂದಿಳಿದ ನನ್ನನ್ನು ಏರ್‌ಪೋರ್ಟಿನಲ್ಲಿ ಎದುರುಗೊಂಡಾಗಲೂ ಅದೇ.

ನನಗಾಗ ಇಲ್ಲೇ ಕಾಯಂ ನೆಲೆಸಲು ಪಿಆರ್ ಸಿಕ್ಕಿತ್ತು, ಕೆಲಸ ಸಿಕ್ಕಿರಲಿಲ್ಲ. ಹಾಗಾಗಿ ನಾನು ಎಲ್ಲರ ಕೈಗೂ ಸಿಗುತ್ತಿದ್ದೆ. ಹತ್ತಿರದ ಟೂಂಗಾಬಿಯಲ್ಲಿ ಕನ್ನಡದವರು ಸೇರುವ ಹಾಲ್‌ನಲ್ಲಿ ಯುಗಾದಿಯೋ ದೀಪಾವಳಿಯೋ ಆದರೆ ನನ್ನ ಮಿಮಿಕ್ರಿ ಇರಲೇಬೇಕು. ಮೊದಲು ಅಂಕಲ್ ನಡಿಗೆ, ಆಮೇಲೆ ಇಂಟರ್‌ವ್ಯೂನಲ್ಲಿ ಉಗುಳು ನುಂಗುವ ನಾನು, ಕೊನೆಗೆ ಗಂಡನನ್ನು ಊಟಕ್ಕೆ ಕರೆಯುವ ಆಂಟಿ: “ರೀ, ಬರ್ತೀರೋ, ಬೆಕ್ಕಿಗೆ ಹಾಕ್ಲೋ?” ಅವರ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಆಂಟಿಯೇ.

ಬಿಸಿನೀರಿನ ಊರಿಗೆ ಅಂಕಲ್ ಟಿಕೆಟ್ ಬುಕ್ ಮಾಡಿದ್ದು ಆಂಟಿಯ ಮಂಡಿನೋವಿಗೆಂದು. ಊರಿನ ಹೆಸರು ಮೊರೀ; ಕನ್ನಡದವರು ನಗಬಾರದು. ಹೊರಡುವ ಮೊದಲೇ ಆಂಟಿ ಹೋಗಿಬಿಟ್ಟರು. ವೈಕುಂಠ ಸಮಾರಾಧನೆ ಮುಗಿಸಿದ ಅಂಕಲ್ ಮೆಟ್ಟಿಲು ಹತ್ತಿ ಬಂದು, “ಟಿಕೆಟ್ ಎರಡಿದೆ, ನೀನ್ ಬಾ,” ಎಂದರು. ಅವರು ಅತ್ತಿರಲಿಲ್ಲ. ಸರಿಯಾಗಿ ಉಣ್ಣುತ್ತಲೂ ಇರಲಿಲ್ಲ. ನನಗೂ ಏನೂ ಅನ್ನಿಸುತ್ತಿರಲಿಲ್ಲ. ಹಲ್ಲಿನ ಡಾಕ್ಟರ ಬಳಿ ಹೋಗಿಬಂದವನು ತನ್ನದೇ ತುಟಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾನಲ್ಲ, ಹಾಗಿದ್ದೆ.

ಕೊಳದಲ್ಲಿ ಯೂರೋಪಿನ ಅಜ್ಜಿಯರು ಕತ್ತಿನವರೆಗೆ ಮುಳುಗಿ ಹರಟುತ್ತಿದ್ದರು. ತಲೆ ಮುಳುಗಿಸಬಾರದೆಂದು ಬೋರ್ಡಿತ್ತು. ಅಂಕಲ್ ಮೂಗು ಹಿಡಿದು, ತುಟಿ ಅಲ್ಲಾಡಿಸಿ, ಬುಳುಕ್ಕನೆ ಮುಳುಗಿದರು. ಲೈಫ್‌ಗಾರ್ಡ್ ಸೀಟಿ ಊದಿ, “ತಲೆ ಮೇಲಿರ್ಲಿ, ಮೇಟ್!” ಎಂದು ಕೂಗಿದ.

“ಸಾರಿ, ಇನ್ನೊಂದು ಬಾಕಿ ಇದೆ,” ಎಂದು ಅಂಕಲ್ ಮತ್ತೆ ಮುಳುಗಿದರು.

ತೀರ್ಥಕ್ಕೆ ಹೋದವರು ಬರಲಾಗದವರ ಹೆಸರಿನಲ್ಲೂ ಒಂದು ಮುಳುಗು ಹಾಕುತ್ತಾರಲ್ಲ, ಅದು. ಊರವರ ಈಜುಕೊಳದಲ್ಲಿ! ಬೇರೆ ದಿನವಾಗಿದ್ದರೆ ಆ ಬುಳುಕ್ಕನ್ನು ವರ್ಷವಿಡೀ ಮಾಡಿ ತೋರಿಸುತ್ತಿದ್ದೆ.

ರೈಲಿನ ಹೊರಗೆ ಹತ್ತಿ ಹೊಲಗಳು ಮುಗಿಯುತ್ತಲೇ ಇರಲಿಲ್ಲ. ನಾನು ತಂದುಕೊಟ್ಟ ಚೀಸ್ ಸ್ಯಾಂಡ್‌ವಿಚ್ ಅಂಕಲ್ ಮುಂದೆ ಹಾಗೇ ಇತ್ತು.

“ಅವಳ ದನಿ ಮರೆತ್ಹೋಗ್ತಿದೆ ಕಣೋ,” ಎಂದರು, ಕಿಟಕಿ ಕಡೆಯೇ ನೋಡುತ್ತ.

“ಆನ್ಸರಿಂಗ್ ಮಷಿನ್‌ನಲ್ಲಿ ಇಲ್ವಾ ಅಂಕಲ್?”

“ಅದ್ರಲ್ಲಿ ನಂದೇ. ಅವಳಿಗೆ ಮಾತಾಡು ಅಂದ್ರೆ, ಮನೇಲಿಲ್ಲ ಅಂತ ಮನೇಲೇ ಕೂತ್ಕೊಂಡು ಹೇಗ್ರೀ ಹೇಳ್ಲಿ ಅಂದ್ಳು.” ಕಿಟಕಿಯಿಂದ ನನ್ನ ಕಡೆ ತಿರುಗಿದರು. “ನೀನ್ ಮಾಡ್ತಿದ್ಯಲ್ಲ. ಒಂದ್ಸಲ ಮಾಡು.”

ಹಾಲ್ ತುಂಬ ಜನರ ಮುಂದೆ ಮಾಡಿದ್ದವನು ಒಬ್ಬರ ಮುಂದೆ ಮಾಡಲು ಅತ್ತಿತ್ತ ನೋಡಿದೆ. ಮೆಲ್ಲಗೆ ಹೇಳಿದೆ.

“ಇದು ಟೂಂಗಾಬಿ ಆಂಟಿ,” ಎಂದರು. “ಜನ ನಗ್ಲಿ ಅಂತ ಎಳೀತೀಯ. ಅವಳು ಎಳೀತಿರ್ಲಿಲ್ಲ.”

ಮತ್ತೆ ಹೇಳಿದೆ. “ಕೋಪ ಜಾಸ್ತಿಯಾಯ್ತು.” ಮತ್ತೆ. “‘ರೀ’ ಆದ್ಮೇಲೆ ಒಂಚೂರು ತಡಿ. ಒಲೆ ಆರಿಸ್ತಿರ್ತಾಳೆ.” ಆಪರೇಷನ್ ಟೇಬಲ್ಲಿನ ಪಕ್ಕ ನಿಂತು ಡೋಸ್ ಹೇಳುವಷ್ಟೇ ತಣ್ಣಗೆ ತಿದ್ದುತ್ತಿದ್ದರು. ಪಕ್ಕದ ಸಾಲಿನ ಹೆಂಗಸು ಮ್ಯಾಗಜೀನಿನಿಂದ ಮುಖ ಮುಚ್ಚಿಕೊಂಡಳು. ಗಡ್ಡ ಬಿಟ್ಟ ನಾನು ಅಂಕಲ್‌ಗೆ ‘ರೀ’ ಎನ್ನುತ್ತಿದ್ದುದು ಆಕೆಗೆ ಅರ್ಥವಾಗದಿದ್ದುದೇ ಪುಣ್ಯ.

ವೆರಿಸ್ ಕ್ರೀಕ್‌ನಲ್ಲಿ, ಬೇರೆ ಊರಿನಿಂದ ಬಂದ ಬೋಗಿಗಳನ್ನು ನಮ್ಮ ರೈಲಿಗೆ ಜೋಡಿಸಲು ನಿಲ್ಲಿಸಿದರು. ಸದ್ದೆಲ್ಲ ಅಡಗಿತು. ನಾನು ಕಣ್ಣು ಮುಚ್ಚಿ ಅವರ ಅಡುಗೆಮನೆಗೆ ಹೋದೆ. ಒಲೆ ಆರಿಸಿದೆ. ಸೆರಗಿಗೆ ಕೈ ಒರೆಸಿಕೊಂಡೆ.

“ರೀ... ಬರ್ತೀರೋ, ಬೆಕ್ಕಿಗೆ ಹಾಕ್ಲೋ?”

“ಬಂದೇ ಬಂದೇ,” ಎನ್ನುತ್ತ ಅಂಕಲ್ ಎದ್ದು ನಿಂತರು.

ಅಷ್ಟರಲ್ಲಿ ಬೋಗಿಗಳು ಬಂದು ಕೂಡಿದ ಧಕ್ಕೆಗೆ ರೈಲು ಅಲುಗಿತು. ಅವರು ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡರು. ಎಲ್ಲಿಗೆಂದು ಎದ್ದರೋ ಅವರಿಗೇ ತಿಳಿದಂತಿರಲಿಲ್ಲ. ಆಮೇಲೆ ಕೂತರು. ಸ್ಯಾಂಡ್‌ವಿಚ್ ಬಿಚ್ಚಿ ಪೂರ್ತಿ ತಿಂದರು.

ಆಂಟಿಯನ್ನು ಹಾಲ್‌ನಲ್ಲಿ ನಾನು ಮತ್ತೆ ಮಾಡಲಿಲ್ಲ. ಭಾನುವಾರ ಕೆಳಗಿಳಿದು, ಅಂಕಲ್ ಮಾಡಿಟ್ಟ ಉಪ್ಪಿಲ್ಲದ ಸಾರಿಗೆ ಆಂಟಿಯ ದನಿಯಲ್ಲಿ ಅವರನ್ನೇ ಕರೆದು, ಜೊತೆಗೆ ಕೂತು ಉಣ್ಣುತ್ತಿದ್ದೆ. ಕೊನೆಗೂ ಕೆಲಸ ಸಿಕ್ಕಿದ್ದು ಮೆಲ್ಬರ್ನ್‌ನಲ್ಲಿ. ಅಲ್ಲಿಂದ ಭಾನುವಾರ ಊಟದ ಹೊತ್ತಿಗೆ ಫೋನ್ ಮಾಡುತ್ತಿದ್ದೆ. ನಾನು ಕರೆಯುವುದು, ಅವರು “ಬಂದೇ ಬಂದೇ” ಎಂದು ಇಟ್ಟುಬಿಡುವುದು. ಅಷ್ಟೇ ಮಾತು.

ಅಂಕಲ್ ಹೋದದ್ದೂ ಒಂದು ಭಾನುವಾರವೇ, ನಿದ್ದೆಯಲ್ಲಿ. ಬೆಳಿಗ್ಗೆ ಸುದ್ದಿ ಬಂತು. ಗೊತ್ತಿದ್ದೂ ನಾನು ಊಟದ ಹೊತ್ತಿಗೆ ಆ ನಂಬರಿಗೆ ಫೋನ್ ಮಾಡಿದೆ. ಮಷಿನ್‌ನಲ್ಲಿ ಅಂಕಲ್ ತಮ್ಮ ಆಸ್ಪತ್ರೆಯ ಇಂಗ್ಲಿಷಿನಲ್ಲಿ, ನಾವೀಗ ಮನೆಯಲ್ಲಿಲ್ಲ ಎಂದರು. ಬೀಪ್ ಆಯಿತು. ‘ರೀ’ ಎಂದೆ. ಒಲೆ ಆರಿಸುವಷ್ಟು ಹೊತ್ತು ತಡೆದೆ. ಉಳಿದದ್ದನ್ನೂ ಹೇಳಿದೆ.

ಕಿವಿಗೆ ಒತ್ತಿಕೊಂಡಿದ್ದ ರಿಸೀವರ್ ಒಂಚೂರು ತಣ್ಣಗನ್ನಿಸಿತು, ಅಷ್ಟೆ.