ತವರೂರು ಕೇಳಿದ ಅಕ್ಕೋರು

ಮೊನ್ನೆ ನನ್ನ ಮಗಳು ಕಪಾಟಿನ ಮೂಲೆಯಿಂದ ಒಂದು ಕಪ್ಪು ಕನ್ನಡಕ ಎಳೆದು, ಮೂಗಿಗೇರಿಸಿಕೊಂಡು ಮನೆತುಂಬ ಮೆರೆದಳು. ಕಣ್ಣಿನ ಆಪರೇಷನ್ ಆದವರಿಗೆ ಕೊಡುತ್ತಾರಲ್ಲ, ಅಂಥದ್ದು. ನನ್ನ ಆಯಿಯದು, ಅಂದರೆ ಅಜ್ಜಿಯದು. ಮೂಸಿದರೆ ಇನ್ನೂ ಅವಳ ಕೊಬ್ಬರಿ ಎಣ್ಣೆಯ ವಾಸನೆ... ಆಯಿ ನೆನಪಾಗಬೇಕಿತ್ತು. ನೆನಪಾದವರು ಅಕ್ಕೋರು.

ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಅನ್ನುತ್ತೇವೆ. ಇವರು ಕಂಪ್ಯೂಟರ್ ಅಕ್ಕೋರು. ದಿನಾ ಕಿತ್ತೂರಿನಿಂದ ಬಸ್ಸಿಗೆ ಬಂದು, ಬೈಲಹೊಂಗಲದಲ್ಲಿ ಮೆಣಸಿನಕಾಯಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಮಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತಿದ್ದರು. ಕೆಳಗೆ ಚೀಲ ಕೊಡವಿದರೆ ಮೇಲೆ ಕ್ಲಾಸಿಗೆ ಕ್ಲಾಸೇ ಸೀನುತ್ತಿತ್ತು. ಅವರೂ ಸೀನಿ, ಮೂಗೊರೆಸಿಕೊಂಡು, ಬಿಟ್ಟ ಮಾತಿನಿಂದಲೇ ಮುಂದುವರಿಸುತ್ತಿದ್ದರು.

ಒಂದೊಂದು ಹೆಸರಿಗೆ ಒಂದೊಂದು ಮಾಹಿತಿ ಜೋಡಿಸಿಡುವ ಡಿಕ್ಷನರಿಯ ಪಾಠದ ದಿನ ಗೋಡೆಯ ಗೂಟ ತೋರಿಸಿದರು. "ಇದು ಕೀ. ಇದಕ್ಕ ಹಾಕಿದ ಅಂಗಿ ವ್ಯಾಲ್ಯೂ. ಗೂಟದ ಹೆಸರ ಹೇಳಿದ್ರ ಅಂಗಿ ಕೈಗೆ ಬರತೈತಿ. ಆದ್ರ ಒಂದು ಗೂಟಕ್ಕ ಒಂದ ಅಂಗಿ. ಎರಡನೇದ್ದು ಹಾಕಿದ್ರ ಮೊದಲನೇದ್ದು ಕೆಳಗ ಬೀಳತೈತಿ, ಸಪ್ಪಳಾನೂ ಆಗೂದಿಲ್ಲ." ನಾವು ತಲೆಯಾಡಿಸಿದೆವು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ವಯಸ್ಸು.

ಆ ವರ್ಷ ಸಂಗೊಳ್ಳಿಯಲ್ಲಿ ಕಣ್ಣಿನ ತಪಾಸಣೆ ನಡೆಯಿತು. ಪೊರೆ ಬಂದವರಿಗೆ ಮುಂದಿನ ವಾರ ಬೈಲಹೊಂಗಲದಲ್ಲಿ ಆಪರೇಷನ್. ಯಾರಿಗೆ ಯಾವ ಕಣ್ಣು ಎಂದು ಕಂಪ್ಯೂಟರಿಗೆ ತುಂಬುವ ಕೆಲಸವನ್ನು ಅಕ್ಕೋರು ತಾವಾಗಿ ಮೈಮೇಲೆ ಹಾಕಿಕೊಂಡು, ನಮ್ಮನ್ನೂ ಕರೆದೊಯ್ದರು. ಹೆಸರಿಗೆ ಗಂಡನ ಹೆಸರು ಜೋಡಿಸಿ ಕೀ ಮಾಡಬೇಕೆಂದಿದ್ದರು. ಆದರೆ ಮುದುಕಿಯರು ಹೇಳಬೇಕಲ್ಲ? ಆಯಿ ಸೆರಗನ್ನು ಬಾಯಿಗಡ್ಡ ಹಿಡಿದು, "ಅವರ ಹೆಸರ ನಾ ಹೆಂಗ ಹೇಳ್ಲಿ ಯವ್ವಾ" ಎಂದು ಮುಖ ತಿರುಗಿಸಿದಳು. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ನಾಚಿಕೆ ಮಾತ್ರ ಹೊಸದಾಗಿಯೇ ಇತ್ತು. ಅವಳ ಪರವಾಗಿ ನಾನೇನೋ ಹೇಳಬಲ್ಲೆ. ಉಳಿದವರದನ್ನು ಯಾರು ಹೇಳಬೇಕು? ಸಾಲು ಬೆಳೆಯುತ್ತಿತ್ತು. ಅಕ್ಕೋರು ನಕ್ಕು, ಬರೀ ಹೆಸರೇ ಸಾಕು ಅಂದುಬಿಟ್ಟರು. ಸವದತ್ತಿ ಯಲ್ಲಮ್ಮನಿಗೆ ನಡೆದುಕೊಳ್ಳುವ ನಮ್ಮ ಸೀಮೆಯಲ್ಲಿ ಯಲ್ಲವ್ವಂದಿರಿಗೆ ಬರವಿಲ್ಲ ಎಂಬುದು ಆ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಕಂಪ್ಯೂಟರ್ ತೋರಿಸಿದ ಕಣ್ಣಿನ ಮೇಲೆ, ಹುಬ್ಬಿನ ಹತ್ತಿರ, ಒಂದು ಪಟ್ಟಿ ಅಂಟಿಸುತ್ತಿದ್ದರು. ಆಯಿಯ ಹೆಸರು ಯಲ್ಲವ್ವ ಎಂದು ಒತ್ತಿದರೆ ಎಡಗಣ್ಣು ಅಂತ ಬಂತು. ಆಯಿ ಒಪ್ಪಲಿಲ್ಲ. "ಎಡಗಣ್ಣಿಗ್ಯಾಕ ಹಚ್ತೀರಿ? ಅದೊಂದ ಚಲೋ ಐತಿ. ಅದರ ಮ್ಯಾಲ ಕೌದಿ ಹೊಲೀತೇನಿ."

ಬಾಗಿಲಲ್ಲಿದ್ದ ಕಾಂಪೌಂಡರ್, "ಕಂಪ್ಯೂಟರ್ ಸುಳ್ಳ ಹೇಳತೈತೇನಬೇ ಆಯಿ? ಸುಮ್ನ ಕುಂದರು" ಎಂದು ಗದರಿದ.

ಅಕ್ಕೋರು ಪರದೆ ನೋಡಿದರು, ಆಯಿಯನ್ನು ನೋಡಿದರು. ಆಮೇಲೆ ಸಾಲಿನತ್ತ ತಿರುಗಿ, "ಯಲ್ಲವ್ವ ಅನ್ನೋರು ಕೈ ಎತ್ರಿ" ಅಂದರು. ಹಿಂದಿನ ಬೆಂಚಿನಲ್ಲಿ ಇನ್ನೊಂದು ಕೈ ಎದ್ದಿತು. ಆ ಯಲ್ಲವ್ವನ ಎಡಗಣ್ಣು ಬಂದು, ನಮ್ಮ ಯಲ್ಲವ್ವನ ಬಲಗಣ್ಣನ್ನು ಗೂಟದಿಂದ ಕೆಳಗೆ ಬೀಳಿಸಿತ್ತು. ಸಪ್ಪಳವೂ ಆಗಿರಲಿಲ್ಲ.

ಆಯಿಯ ಪಟ್ಟಿಯನ್ನಷ್ಟೇ ಕಿತ್ತು ಆಚೆ ಕಡೆ ಅಂಟಿಸಿ ಅವರು ಸುಮ್ಮನಾಗಬಹುದಿತ್ತು. ಸೀದಾ ಡಾಕ್ಟರ ಹತ್ತಿರ ಹೋಗಿ, ನಾವೆಲ್ಲ ಕೇಳುವಂತೆ, "ಕಂಪ್ಯೂಟರ್ ತಪ್ಪಿಲ್ಲರಿ, ನಾ ತಪ್ಪೇನಿ. ಎಲ್ಲಾರ ಕಣ್ಣೂ ಇನ್ನೊಮ್ಮೆ ನೋಡೂತನಕ ಯಾರನ್ನೂ ಒಳಗ ಕರಕೋಬ್ಯಾಡ್ರಿ" ಅಂದರು. ಡಾಕ್ಟರು ಗಡಿಯಾರ ನೋಡಿದರು, ಸಿಡುಕಿದರು, ಕೊನೆಗೆ ಟಾರ್ಚ್ ಕೈಗೆತ್ತಿಕೊಂಡರು. ಕಲಿಸುವವರು ಕಲಿಯುವವರ ಮುಂದೆ ಹೀಗೆ ನಿಂತದ್ದನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. ಅವತ್ತು ಹುಟ್ಟಿದ ಗೌರವ ಇವತ್ತಿಗೂ ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ಅತ್ತ ಟಾರ್ಚ್ ಬೆಳಗುತ್ತಿರುವಾಗ ಇತ್ತ ಅಕ್ಕೋರು ಬೆಂಚಿನಿಂದ ಬೆಂಚಿಗೆ ಹೋಗಿ ಹೊಸ ಕೀ ಕಟ್ಟತೊಡಗಿದರು. ಎರಡು ಪದ ಜೋಡಿಸಿದರೂ ಒಂದು ಕೀ ಆಗುತ್ತದೆ. ಮೊದಲನೆಯದು ಹೆಸರು, ಎರಡನೆಯದು... "ನಿಮ್ಮ ತವರಮನಿ ಯಾವೂರ್ರಿ?"

ಗಂಡನ ಹೆಸರಿಗೆ ತುಟಿ ಬಿಗಿದವರೆಲ್ಲ ಬಾಯಿ ಬಿಟ್ಟರು. ಮುರಗೋಡ, ನೇಸರಗಿ, ಯರಗಟ್ಟಿ... ಆಯಿಯಂತೂ ಊರಿನ ಜೊತೆಗೆ ಅಲ್ಲಿಯ ಬಾವಿ, ಬೇವಿನ ಗಿಡ, ಅಣ್ಣತಮ್ಮಂದಿರನ್ನೆಲ್ಲ ಹೇಳಿ ಮುಗಿಸಿದಳು. ನಂಬರ್ ಕೊಟ್ಟರಾಗದೇ ಎಂದು ನಾನು ಕೇಳಿದೆ. "ನಂಬರ್ ಮರೀತಾರ. ತವರು ಮರೆಯೂದಿಲ್ಲ" ಅಂದರು. ಬರೆಯುವ ಮೊದಲು ಆ ಕೀ ಒಳಗೆ ಈಗಾಗಲೇ ಇದೆಯೇ ಎಂದು ಕೇಳುವ ಒಂದು ಸಾಲನ್ನೂ ಪ್ರೋಗ್ರಾಮಿಗೆ ಸೇರಿಸಿದರು.

ಆಯಿ ಬಲಗಣ್ಣಿನ ಮೇಲೆ ಪಟ್ಟಿ ಹಚ್ಚಿಸಿಕೊಂಡು ಒಳಗೆ ಹೋದಳು. ಮುಂದೆ ಎರಡೂ ಕಣ್ಣಿಂದ ನೋಡುತ್ತ ನನ್ನ ಮಗಳಿಗೆ ಕೌದಿ ಹೊಲಿದು, ತಾನೇ ಹೊದಿಸಿ, ಆಮೇಲೆ ಹೋದಳು.

ಅಕ್ಕೋರು ಹೋದ ಚಳಿಗಾಲದಲ್ಲಿ ತೀರಿಕೊಂಡರು. ಕಲಿತವರೆಲ್ಲ ಕಿತ್ತೂರಿಗೆ ಹೋದೆವು. ಕೊನೆಯದಾಗಿ ಮೈಮೇಲೆ ಹೊದಿಸುವ ತವರಿನ ಸೀರೆ ಬರಲಿ ಎಂದು ಎಲ್ಲರೂ ಅಂಗಳದಲ್ಲಿ ಕಾಯುತ್ತಿದ್ದರು. ಪಕ್ಕದಲ್ಲಿ ಕುಳಿತಿದ್ದ ಮುದುಕಿ, "ಯಾವೂರಿಂದ ಬರಬೇಕವಾ?" ಎಂದು ನನ್ನನ್ನು ಕೇಳಿದಳು. ನನಗೆ ಗೊತ್ತಿರಲಿಲ್ಲ. ನನ್ನ ಜೊತೆಗಾತಿಯರ ಮುಖ ನೋಡಿದೆ, ಅವರಿಗೂ ಗೊತ್ತಿರಲಿಲ್ಲ. ಅಷ್ಟೂ ಹೆಂಗಸರ ತವರು ಕೇಳಿದವರನ್ನು ನಾವ್ಯಾರೂ ಒಮ್ಮೆಯೂ ಕೇಳಿರಲಿಲ್ಲ... ಮಧ್ಯಾಹ್ನ ಒಂದು ಜೀಪು ಬಂತು. ಅಕ್ಕೋರ ಅಣ್ಣ ಇಳಿದು, ಹಸಿರು ಸೀರೆ ಹೊದಿಸಿದರು. ರಾಮದುರ್ಗದವರಂತೆ.

"ಇದು ಯಾರದವ್ವಾ?" ಎಂದು ಮಗಳು ಕನ್ನಡಕ ಎತ್ತಿ ಹಿಡಿದಳು. ಆಯಿಯ ಹೆಸರು ಹೇಳಿದೆ, ತವರು ಹೇಳಿದೆ. ಆಮೇಲೆ ಅಕ್ಕೋರದೂ ಹೇಳಿದೆ. ಈಗ ಅವರ ಹೆಸರೂ ಗೊತ್ತು, ಊರೂ ಗೊತ್ತು. ಕರೆದರೆ ಓಗೊಡಲು ಅವರಿಲ್ಲ.