ಮೂರನೇ ರಾಡಿನ ಬೋಲ್ಟು

ನಾನು ದನದ ಡಾಕ್ಟರು. ಅಂದು ಬೆಳಿಗ್ಗೆ ಹುನಗುಂದದಿಂದ ಕೂಡಲಸಂಗಮದ ಕಡೆ, ಹೊಳೆದಂಡೆಯ ಒಂದು ಹೊಲಕ್ಕೆ ಹೊರಟಿದ್ದೆ. ಅಲ್ಲಿ ಎಮ್ಮೆಯೊಂದು ಈಯಲಾರದೆ ಒದ್ದಾಡುತ್ತಿತ್ತು. ಕರು ಅಡ್ಡ ತಿರುಗಿದೆಯೆಂದು ಅದರ ಒಡತಿ ಫೋನಿನಲ್ಲಿ ಅತ್ತಿದ್ದಳು. ಅರ್ಧ ದಾರಿಯ ಏರಿನಲ್ಲಿ ಜೀಪಿನ ಎಂಜಿನ್ ಕಟಕಟ ಅನ್ನತೊಡಗಿತು. ಬದಿಗೆ ತರುವಷ್ಟರಲ್ಲಿ ಸುತ್ತಿಗೆಯಿಂದ ಬಡಿದ ಹಾಗೆ ಒಂದು ಏಟು, ಆಮೇಲೆ ಹೊಗೆ. ಇಳಿದು ನೋಡಿದರೆ ಎಂಜಿನ್ನಿನ ಪಕ್ಕೆಯಲ್ಲಿ ಮುಷ್ಟಿಯಷ್ಟು ತೂತು. ಎಣ್ಣೆಯೆಲ್ಲ ಡಾಂಬರಿನ ಮೇಲೆ ಹರಿಯುತ್ತಿತ್ತು.

ಔಷಧದ ಪೆಟ್ಟಿಗೆ ಹೊತ್ತು, ಟಂಟಂ ಆಟೋ ಹಿಡಿದು ತಲುಪುವ ಹೊತ್ತಿಗೆ ತಡವಾಗಿತ್ತು. ಎಮ್ಮೆ ಉಳಿಯಿತು, ಕರು ಉಳಿಯಲಿಲ್ಲ.

"ಗಾಡಿ ಕೆಟ್ರ ನೀವರ ಏನ್ ಮಾಡ್ತೀರಿ ಬಾಯಾರ," ಅಂದಳು ಒಡತಿ. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಬೈದವನು ತಮ್ಮ, ಕೆಟ್ಟ ಗಾಡಿಯನ್ನು ಮನೆಗೆ ಎಳೆಸಿ ತಂದ ಮೇಲೆ. ಜೀಪು ಅಪ್ಪನದು, ನಮ್ಮಿಬ್ಬರಿಗಿಂತ ಸ್ವಲ್ಪವೇ ಚಿಕ್ಕದು. ಅಪ್ಪ ಹೋದ ಮೇಲೆ ಓಡಿಸುತ್ತಿದ್ದವಳು ನಾನು. ಎರಡು ತಿಂಗಳ ಹಿಂದೆ ಬಾಗಲಕೋಟೆಯಲ್ಲಿ ಎಂಜಿನ್ ಪೂರ್ತಿ ಬಿಚ್ಚಿಸಿ ರಿಪೇರಿ ಮಾಡಿಸಿದವನು ಅವನು.

"ಎಣ್ಣಿ ನೋಡ್ಲಾರ್ದ ಗಾಡಿ ಹೊಡದೀ. ಕಡ್ಡಿ ಒಣಗೇತಿ ನೋಡು. ಹೆಣ್ಮಕ್ಕಳ ಕೈಯಾಗ ಜೀಪ್ ಕೊಟ್ರ ಇನ್ನೇನಾಗ್ತೈತಿ?"

"ತೂತ ಬಿದ್ದದ್ರಾಗ ಎಣ್ಣಿ ಎಲ್ಲಿಂದ ಇರ್ತೈತೋ?" ಎಂದು ಕೂಗಿದೆ. ದಿನಾ ಬೆಳಿಗ್ಗೆ ಚಹಾಕ್ಕಿಂತ ಮೊದಲು ನಾನು ಎಣ್ಣೆಯ ಕಡ್ಡಿ ಎಳೆದು ನೋಡುವುದು ಇಡೀ ಓಣಿಗೆ ಗೊತ್ತು. ಅವನು ನಕ್ಕ. ಅವ್ವನೂ, "ನೀ ಒಂದೀಟ ನೋಡ್ಬೇಕಿತ್ತವಾ," ಅಂದಳು. ಅಂದು ನನಗೆ ಊಟ ಸೇರಲಿಲ್ಲ.

ಗುಜರಿಗೆ ಹಾಕೋಣ ಎಂದು ತಮ್ಮ ಹಟ ಹಿಡಿದ. ನಾನು ಟ್ರ್ಯಾಕ್ಟರಿಗೆ ಕಟ್ಟಿಸಿ ಜೀಪನ್ನು ಇಳಕಲ್ಲಿಗೆ ಒಯ್ದೆ. ಅಲ್ಲಿನ ಮುದುಕ ಮಿಸ್ತ್ರಿ ಕಲ್ಲಿನ ಕ್ವಾರಿಗಳ ಲಾರಿ ಎಂಜಿನ್‌ಗಳನ್ನು ಬಿಚ್ಚುತ್ತಲೇ ಕೂದಲು ಹಣ್ಣು ಮಾಡಿಕೊಂಡವನು.

"ತಪ್ಪ ನಂದಿದ್ರ ನಂದ ಅಂತ ಹೇಳ್ರಿ. ಆದ್ರ ಖರೆ ಹೇಳ್ರಿ," ಅಂದೆ.

ಅವನು ಎಂಜಿನ್ನಿನ ತಳದ ಎಣ್ಣೆಯ ಚೇಂಬರ್ ಇಳಿಸಿ, ಒಳಗಿನ ಚೂರುಗಳನ್ನೆಲ್ಲ ಗೋಣಿಚೀಲದ ಮೇಲೆ ಹರವಿದ. ಪಿಸ್ಟನ್‌ಗಳನ್ನು ಹಿಡಿಯುವ ನಾಲ್ಕು ರಾಡುಗಳಲ್ಲಿ ಮೂರನೆಯದು ಕಿತ್ತುಕೊಂಡು, ಡೊಂಕಾಗಿ, ಎಂಜಿನ್ನಿನ ಮೈಯಾದ ಬ್ಲಾಕನ್ನು ಒಡೆದು ಹೊರಗೆ ಇಣುಕಿತ್ತು. ಉಳಿದ ಮೂರರ ಬೇರಿಂಗುಗಳನ್ನು ಒರೆಸಿ ನನ್ನ ಅಂಗೈಗಿಟ್ಟ.

"ಎಣ್ಣಿ ಇಲ್ಲದ ಓಡಿದ್ರ ಇವೆಲ್ಲಾ ಸುಟ್ಟು ಕರ‍್ರಗಾಗ್ತಿದ್ವು. ನೋಡ್ರಿ, ಹೊಸಾವ ಅದಾವ."

ಆಮೇಲೆ ಮೂರನೇ ರಾಡಿನ ಮುರಿದ ಬೋಲ್ಟನ್ನು ಬಿಸಿಲಿಗೆ ಹಿಡಿದ. ಮುರಿದ ಮುಖದ ಬಹುಪಾಲು ಮಾಸಿ ಕಪ್ಪಾಗಿತ್ತು. ಒಂದು ಅಂಚು ಮಾತ್ರ ಹೊಳೆಯುತ್ತಿತ್ತು.

"ಕಪ್ಪಂದು ಹಳೇ ಬಿರುಕು. ಹೊಳೆಯೂದು ಅವತ್ತ ಮುರದದ್ದು. ಎಂಜಿನ್ ಬಿಚ್ಚಿದ ಮ್ಯಾಲ ಬೋಲ್ಟ್ ಹೊಸಾವ ಹಾಕ್ಬೇಕ್ರಿ. ಯಾರೋ ಹಳೇವ್ನ ತಿರುವ್ಯಾರ."

ಬೋಲ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮರುದಿನವೇ ಬಾಗಲಕೋಟೆಗೆ ಹೋದೆ. ಗ್ಯಾರೇಜಿನವನ ಮೇಜಿನ ಮೇಲೆ ಅದನ್ನಿಟ್ಟು, ರಸ್ತೆಯವರೂ ನಿಂತು ನೋಡುವ ಹಾಗೆ ಅವನನ್ನು ಜಾಡಿಸಿದೆ. ಅವನು ಕೊನೆಗೆ ಬಾಯಿಬಿಟ್ಟ.

"ಬೋಲ್ಟ್ ಹುಬ್ಬಳ್ಳಿಯಿಂದ ಬರ್ಬೇಕು, ಎರಡ ದಿನ ತಡೀರಿ ಅಂದೆ. ನಿಮ್ಮ ತಮ್ಮ ಕೇಳ್ಲಿಲ್ರಿ. ಗೆಳ್ಯಾರ ಜೋಡಿ ಬಾದಾಮಿಗೆ ಹೋಗೂದೈತಿ, ಹಳೇವ ಹಾಕು, ಆಮ್ಯಾಲ ಬಂದು ಬದಲಾಯಿಸ್ತೇನಿ ಅಂದ."

"ಅವ ಅಂದ್ರ ನೀವು ಹಾಕೂದೇನು? ನನಗೊಂದು ಫೋನ್ ಮಾಡಾಕ ಏನಾಗಿತ್ತು?"

ಅವನ ಮೇಲಿನ ಸಿಟ್ಟು ಅಲ್ಲಿಗೇ ಮುಗಿಯಿತೆಂದಲ್ಲ. ಆದರೆ ಬಸ್ಸಿನಲ್ಲಿ ಕೂತು ಬರುವಾಗ ಹೆಚ್ಚಿನ ಸಿಟ್ಟು ಬೇರೆಯವನ ಮೇಲಿತ್ತು. ತಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ತಿಂಗಳು ಆ ಜೀಪನ್ನು ನನ್ನ ಕೈಗೆ ಕೊಟ್ಟಿದ್ದ. ಒಡೆದ ಮೇಲೆ ಎಣ್ಣೆಯ ಕಥೆ ಕಟ್ಟಿದ್ದ.

"ಮರ್ತೆ ಅಕ್ಕಾ. ಹಳೇ ಗಾಡಿ, ಬಿಡು," ಅಂದ ಅವನು ನಾನು ಮನೆಗೆ ಬಂದು ಕೇಳಿದಾಗ, ಫೋನಿನಿಂದ ಕಣ್ಣೆತ್ತದೆ.

ಫೋನ್ ಕಿತ್ತುಕೊಂಡೆ. "ನಡಿ. ಆ ಹೊಲಕ್ಕ ನಡಿ. ಯಾಕ ತಡಾ ಆತು ಅಂತ ನೀನ ಹೇಳು."

ಅವ್ವ ಅಡ್ಡ ಬಂದಳು, ಮನೆಯ ಮರ್ಯಾದೆಯ ಮಾತು ತೆಗೆದಳು. ಹೋದ ವಾರ ನನ್ನ ಮರ್ಯಾದೆ ಎಲ್ಲಿತ್ತು ಎಂದು ಕೇಳಿದೆ. ಅವಳು ಬಾಗಿಲು ಬಿಟ್ಟು ಸರಿದಳು. ಅವನದೇ ಬೈಕಿನಲ್ಲಿ ಅವನ ಹಿಂದೆ ಕೂತು ಹೋದೆ.

ಒಡತಿ ಎಮ್ಮೆಗೆ ಮೇವು ಹಾಕುತ್ತಿದ್ದಳು. ತಮ್ಮ ಬಹಳ ಹೊತ್ತು ಚಪ್ಪಲಿಯಿಂದ ಮಣ್ಣು ಕೆದರಿದ. ಕಡೆಗೆ, "ನಂದ ತಪ್ಪ್ ಐತಬೇ. ಗಾಡಿ ಕೆಡಿಸಿದಂವ ನಾನ," ಅಂದ.

ಅವಳು ಅವನನ್ನೂ ನನ್ನನ್ನೂ ನೋಡಿದಳು. "ನನ್ನ ಮುಂದ ಯಾಕ ಹೇಳ್ತೀ ತಮ್ಮಾ? ನಿಮ್ಮಕ್ಕನ ಮುಂದ ಹೇಳು."

ಈಗ ಜೀಪಿಗೆ ಬೇರೆ ಬ್ಲಾಕು ಕೂತಿದೆ, ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ತಮ್ಮ ಇನ್ನೂ ನನ್ನ ಮುಂದೆ ಆ ಮಾತು ಆಡಿಲ್ಲ.