ಮಾಲೊಮೊ ಆಂಟಿ ತಂದ ಹೆಸರು

ನಾನು ಚಿಕ್ಕವಳಿದ್ದಾಗ ನಡೆದದ್ದನ್ನು ಹೇಳುತ್ತೇನೆ ಮೊಮ್ಮಕ್ಕಳೇ, ಆದರೆ ಕೆಲವು ವಿವರಗಳು ತಪ್ಪಿರಬಹುದು. ಆ ತಟ್ಟೆ ನೀಲಿಯದೋ ಬಿಳಿಯದೋ, ಈಗ ಹೇಳಲಾರೆ. ಅದರಲ್ಲಿದ್ದ ಜೇನಿನ ರುಚಿ ಮಾತ್ರ ನಾಲಗೆಯಲ್ಲಿದೆ ಎಂದುಕೊಂಡಿದ್ದೇನೆ. ಅದೂ ಆಮೇಲೆ ತಿಂದ ಬೇರೆ ಯಾವುದೋ ಜೇನಿನದಿರಬಹುದು.

ಆಗಲೂ ನಾವು ಈ ಗಲ್ಫ್ ದೇಶದಲ್ಲೇ, ಸಾಲ್ಮಿಯಾದಲ್ಲಿ, ಸಮುದ್ರಕ್ಕೆ ಹತ್ತಿರದ ಕಟ್ಟಡವೊಂದರಲ್ಲಿದ್ದೆವು. ಅಪ್ಪನಿಗೆ ಆಫೀಸಿನ ಕೆಲಸ, ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಕೆಳಗಿನ ಮನೆಯಲ್ಲಿ ಅಮ್ಮನ ಜೊತೆಗೇ ಕೆಲಸ ಮಾಡುತ್ತಿದ್ದ ನೈಜೀರಿಯಾದ ಆಂಟಿ ಇದ್ದರು. ಯೊರುಬಾ ಜನ. ಹೆಸರು ಮಾಲೊಮೊ. ಕಟ್ಟಡದ ಮಕ್ಕಳೆಲ್ಲ ಆ ಹೆಸರನ್ನು ಮೆಟ್ಟಿಲುಗಳಲ್ಲಿ ರಾಗವಾಗಿ ಕೂಗಿ ನಗುತ್ತಿದ್ದೆವು. ಅವರೂ ನಗುತ್ತಿದ್ದರು.

ಹಿರಿಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ಮನೆಯ ಪದ್ಧತಿ. ಅಕ್ಕನೂ ನಾನೂ ಆದ ಮೇಲೆ ಹುಟ್ಟಿದ ತಮ್ಮನಿಗೆ ಆ ಹೆಸರಿಟ್ಟಿದ್ದರು. ಹಲ್ಲು ಮೂಡುವ ಮೊದಲೇ ಅವನು ತೀರಿಹೋದ. ಮುಂದಿನವನಿಗೂ ಅದೇ ಹೆಸರು, ಅವನೂ ಉಳಿಯಲಿಲ್ಲ. ಮೂರನೆಯ ತಮ್ಮ ಹುಟ್ಟಿದಾಗಲೂ ಅಪ್ಪ ಅದೇ ಹೆಸರನ್ನು ನಿಶ್ಚಯಿಸಿದರು.

ಅವನಿಗೆ ಎಂಟು ದಿನ ತುಂಬಿದಾಗ ಆಂಟಿ ಮೇಲೆ ಬಂದರು. ಅಡುಗೆಮನೆಯಲ್ಲಿ ಸೀಗಡಿ ಸುಕ್ಕದ ಘಮ, ಕಿಟಕಿಯಲ್ಲಿ ಹಳೆಯ ಏಸಿಯ ಗಡಗಡ. ಅವರ ಕೈಯಲ್ಲಿ ತಟ್ಟೆ, ಅದರಲ್ಲಿ ಜೇನು, ಉಪ್ಪು, ಒಂದು ಬಟ್ಟಲು ನೀರು. ಅವರ ಊರಿನಲ್ಲಿ ಎಂಟನೆಯ ದಿನ ಎಲ್ಲರೂ ಸೇರಿ ಇವನ್ನು ರುಚಿ ನೋಡಿ, ಮಗುವಿಗೆ ತಾವೂ ಒಂದೊಂದು ಹೆಸರು ಕೊಡುತ್ತಾರಂತೆ. ಅಕ್ಕನ ನಾಲಗೆಗೂ ನನ್ನ ನಾಲಗೆಗೂ ಜೇನು ಹಚ್ಚಿದರು. ಆಮೇಲೆ ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ನನ್ನ ನೆನಪು ಅದನ್ನು ಕನ್ನಡ ಮಾಡಿಕೊಂಡಿದೆ.

“ನನಗಿಂತ ಮೊದಲು ಹುಟ್ಟಿದವರು ಯಾರೂ ಉಳಿಯಲಿಲ್ಲ. ಒಂದೇ ಮಗು ಮತ್ತೆ ಮತ್ತೆ ಬಂದು ಹೋಗ್ತದೆ ಅಂತ ನಮ್ಮವರ ನಂಬಿಕೆ. ಅದಕ್ಕೇ ನನ್ನಮ್ಮ ಮಾಲೊಮೊ ಅಂತ ಕರೆದಳು. ‘ಇನ್ನು ಹೋಗಬೇಡ’ ಅಂತ. ಊಟಕ್ಕೆ ಕರೆದರೂ ಬೈದರೂ ಅವಳು ನನ್ನನ್ನು ಬೇಡಿಕೊಳ್ತಾನೇ ಇದ್ದಳು. ಈ ಹೆಸರನ್ನು ನಿಮ್ಮ ಮಗುವಿಗೆ ಕೊಡ್ತೇನೆ.”

“ಬಂದು ಹೋಗ್ಲಿಕ್ಕೆ ನಮ್ಮ ಮಗು ಎಂತ ಬಸ್ಸಿನ ಪ್ಯಾಸೆಂಜರಾ, ಸಿಸ್ಟರ್?” ಎಂದು ಅಪ್ಪ ನಕ್ಕರು.

ಆಂಟಿ ನಗಲಿಲ್ಲ. “ನೀವಿಟ್ಟ ಹೆಸರೂ ಇರಲಿ. ಇದು ಅದರ ಜೊತೆಗೆ, ಅಷ್ಟೆ.”

ಅಪ್ಪ ಅಮ್ಮನ ಕಡೆ ತಿರುಗಿದರು. “ಇವಳಿಗೆ ಹೇಳು ಮಾರಾಯ್ತಿ. ಈ ಮಾಟಮಂತ್ರ ಎಲ್ಲ ನಮ್ಮಲ್ಲಿ ನಡೀಲಿಕ್ಕಿಲ್ಲ. ಅಜ್ಜನ ಹೆಸರು ಉಂಟು. ಖಲಾಸ್.”

ಕೊನೆಯದು ಇಲ್ಲಿನ ಅರಬ್ಬಿ ಮಾತು, ‘ಮುಗಿಯಿತು’ ಅಂತ. ಅದು ಆಂಟಿಗೂ ಅರ್ಥವಾಯಿತು. ಅವರು ಅಮ್ಮನ ಮುಖ ನೋಡಿದರು. ಅಮ್ಮ ಮಗುವಿನ ಹೊದಿಕೆ ಸರಿಮಾಡತೊಡಗಿದರು. ಆಂಟಿ ತಟ್ಟೆಗೆ ಬಟ್ಟೆ ಮುಚ್ಚಿ ಕೆಳಗಿಳಿದು ಹೋದರು. ಮತ್ತೆಂದೂ ನಮ್ಮ ಮನೆಗೆ ಬರಲಿಲ್ಲ.

ಅಪ್ಪ ಆಫೀಸಿಗೆ ಹೋದ ಮೇಲೆ ಅಮ್ಮ ತೊಟ್ಟಿಲ ಮೇಲೆ ಬಾಗಿ ತಮ್ಮನ ಕಿವಿಯಲ್ಲಿ ಏನೋ ಹೇಳಿದರು. ಏಸಿಯ ಸದ್ದಿನಲ್ಲಿ ಬಾಗಿಲ ಬಳಿ ನಿಂತಿದ್ದ ನನಗೆ ಕೇಳಿಸಲಿಲ್ಲ. ಅಕ್ಕ ತೊಟ್ಟಿಲಿನ ಪಕ್ಕದಲ್ಲೇ ಇದ್ದಳು.

ತಮ್ಮ ಮಗುಚಿಕೊಳ್ಳುವುದನ್ನು ಕಲಿಯುವ ಮೊದಲೇ ಹೋಗಿಬಿಟ್ಟ. ಹೃದಯದಲ್ಲಿ ತೂತಿತ್ತಂತೆ. ಹೆಸರಿನಿಂದ ತೂತು ಮುಚ್ಚುವುದಿಲ್ಲ, ಅಷ್ಟು ನಾನೂ ಓದಿದ್ದೇನೆ. ಆದರೂ ಮಗುವಿಗೆ ‘ಇರು’ ಎಂದು ಹೇಳಲು ಬಂದವರನ್ನು ಅಪ್ಪ ಹಾಗೆಯೇ ವಾಪಸು ಕಳಿಸಿದರು. ಅದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಬಾಯಿಬಿಡದೆ ನಿಂತ ಅಮ್ಮನನ್ನು ಕ್ಷಮಿಸಬೇಕೋ ಬೇಡವೋ, ಅದು ಗೊತ್ತಿಲ್ಲ.

ನೀವು ಐಸ್‌ಕ್ರೀಮ್ ತಿನ್ನುವ ಮಾಲ್ ಇದೆಯಲ್ಲ, ನಮ್ಮ ಕಟ್ಟಡ ಇದ್ದದ್ದು ಅಲ್ಲೇ. ನಿಮ್ಮ ಹೆಸರುಗಳನ್ನು ನಿಮ್ಮಮ್ಮ ಫೋನಿನಲ್ಲಿ ಹುಡುಕಿ, ಯಾವ ದೇಶದ ಟೀಚರಿಗೂ ಕರೆಯಲು ಸುಲಭವಾಗಲಿ ಎಂದು ಆರಿಸಿದಳು. ಆ ಹೆಸರುಗಳಲ್ಲಿ ಯಾರೂ ಯಾರನ್ನೂ ಬೇಡಿಕೊಂಡಿಲ್ಲ. ಬೇಡಿಕೊಳ್ಳುವ ಅಗತ್ಯ ನಿಮ್ಮಮ್ಮನಿಗೆ ಬರಲಿಲ್ಲ, ಸದ್ಯ.

ಕಳೆದ ಶುಕ್ರವಾರ ಎಗೈಲಾದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ನಾನು ಕೇಳಿದ್ದಕ್ಕೆ ಅವಳು ಚಹಾ ಲೋಟ ಕೆಳಗಿಟ್ಟು ಕಿಟಕಿಯಾಚೆ ನೋಡಿದಳು. ಕೇಳಿದ್ದು ಇಷ್ಟೇ:

“ಅಕ್ಕಾ, ಆವತ್ತು ಅಮ್ಮ ಅವನ ಕಿವಿಯಲ್ಲಿ ಯಾವ ಹೆಸರು ಹೇಳಿದ್ದು?”